ಐಸಿನೊಳಗಿನ ಮಾಂಸ, ಹಲಗೆಯ ಗೂಡು

ನಮ್ಮ ಪಕ್ಕದ ಮನೆಯವರ ಮೊಮ್ಮಗಳು ಈಗ ಕಾರು ಓಡಿಸುವಷ್ಟು ದೊಡ್ಡವಳಾಗಿದ್ದಾಳೆ. ಅವಳು ತೊಟ್ಟಿಲಲ್ಲಿದ್ದಾಗ ತಂದ ಬೇಬಿ ಮಾನಿಟರ್‌ಗೆ ಮಾತ್ರ ಇನ್ನೂ ರಿಟೈರ್‌ಮೆಂಟ್ ಸಿಕ್ಕಿಲ್ಲ. ಚಳಿಗಾಲ ಬಂತು ಅಂದರೆ ಅದರ ಮೈಕ್ ಇರುವ ಭಾಗ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೇರಿ ಹುಲ್ಲುಗಾವಲಿನ ಅಂಚಿನ ಒಂದು ಫರ್ ಮರದ ಬುಡಕ್ಕೆ ಹೋಗುತ್ತದೆ. ಸ್ಪೀಕರ್ ಇರುವ ಭಾಗ ಇವರ ಜೇಬಿನಲ್ಲಿ. ಆ ಮರದ ಮುಂದೆ ಇಟ್ಟಿರುವ ಮಾಂಸವನ್ನು ಕತ್ತಲಲ್ಲಿ ಯಾರು ಕಡಿಯುತ್ತಿದ್ದಾರೆ ಅಂತ ಕೇಳಿಸಿಕೊಳ್ಳಲು ಇಷ್ಟೆಲ್ಲ. ನರಿ ಬಂದರೆ ಹೆಜ್ಜೆ ಸದ್ದೇ ಇರುವುದಿಲ್ಲ, ಹಲ್ಲಿನ ಸದ್ದು ಮಾತ್ರ. ಕಯೋಟಿ, ಅಂದರೆ ತೋಳದ ಜಾತಿಯ ಇಲ್ಲಿನ ಒಂದು ಪ್ರಾಣಿ, ಬಂದರೆ ಮೊದಲು ಹಿಮ ಚರ್‌ಚರ್ ಅನ್ನುತ್ತದೆ, ಆಮೇಲೆ ತುಂಬಾ ಹೊತ್ತು ಏನೂ ಇಲ್ಲ, ಆಮೇಲೆ ಐಸು ಕೆರೆಯುವ ಸದ್ದು.

ನಾನಿರುವುದು ಅಮೆರಿಕದ ಈಶಾನ್ಯ ಮೂಲೆಯ ಮೇಯ್ನ್ ರಾಜ್ಯದಲ್ಲಿ. ಕೆಲಸ ಬ್ಯಾಂಗರ್‌ನಲ್ಲಿ, ಮನೆ ಅಲ್ಲಿಂದ ಸಾಕಷ್ಟು ಉತ್ತರಕ್ಕೆ. ಅಲ್ಲಿ ಮನೆ ಅಗ್ಗ, ಅದೊಂದು. ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಕಿಟಕಿ ತೆಗೆದರೆ ಮರ ಕಾಣಬೇಕು, ಅದು ಇನ್ನೊಂದು. ಪಕ್ಕದ ಮನೆ ಅಂದರೆ ಅರ್ಧ ಮೈಲಿ ದೂರ. ಆ ಮನೆಯ ಯಜಮಾನರು ಪೇಪರ್ ಮಿಲ್ಲಿನಲ್ಲಿ ದುಡಿದು, ಮಿಲ್ಲು ಬಾಗಿಲು ಹಾಕಿಕೊಂಡ ಮೇಲೆ ಸಿಕ್ಕ ಸಿಕ್ಕ ಕೆಲಸ ಮಾಡಿ, ಈಗ ಎಪ್ಪತ್ತು ದಾಟಿ ಆರಾಮಾಗಿ ಕೂತಿರುವವರು. ಮಾತು ಕಮ್ಮಿ. ನಾನು ಮನಸ್ಸಿನಲ್ಲಿ ಅವರನ್ನು ಅಜ್ಜ ಅಂತಲೇ ಕರೆಯುವುದು, ಎದುರಿಗೆ ಮಾತ್ರ ಹೆಸರು ಹಿಡಿದು. ಇಲ್ಲಿ ಎಲ್ಲರೂ ಹಾಗೇ. ನನಗಂತೂ ಇವತ್ತಿಗೂ ನಾಲಿಗೆ ಒಂದು ಕ್ಷಣ ತಡವರಿಸುತ್ತದೆ.

ಕಯೋಟಿ ಕಾಯಲು ಬರ್ತೀಯಾ ಅಂತ ಅವರು ಕರೆದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು. "ರೀ, ರಾತ್ರಿಯೆಲ್ಲ ಹೆಣ ಕಾಯೋಕೆ ಹೋಗ್ತೀರಾ?" ಹೆಚ್ಚು ಕಡಿಮೆ ಅದೇ ಕೆಲಸ, ಸುಳ್ಳು ಹೇಳಬಾರದು. ಅಂದ ಹಾಗೆ ನಾನು ಕೋವಿ ಮುಟ್ಟುವುದಿಲ್ಲ. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಇಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ, ಆದರೆ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇದ್ದರೆ ಇಟ್ಟುಕೊಳ್ಳಬಹುದು. ಫೆಡರಲ್ ಕಾನೂನಿನಲ್ಲೇ ಹಾಗೊಂದು ವಿನಾಯಿತಿ ಇದೆ. ಇದು ಗೊತ್ತಾದ ಮೇಲೂ ನನಗೆ ಆಸೆ ಹುಟ್ಟಲಿಲ್ಲ. ಪಕ್ಕದಲ್ಲಿ ಕೂತು ನೋಡುವುದಷ್ಟೇ ನನ್ನ ಪಾಲು.

ಕಯೋಟಿ ಅಂದರೆ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಮೂಲದಲ್ಲಿ ಇದು ಅಮೆರಿಕದ ನಡುವಿನ ಬಯಲು ಸೀಮೆಯ ಪ್ರಾಣಿ. ಮೇಯ್ನ್‌ನಲ್ಲಿ ಇರಲೇ ಇಲ್ಲ. ಇಲ್ಲಿ ಇದ್ದದ್ದು ತೋಳ. ಅದನ್ನು ಜನ 1890ರ ದಶಕದ ಹೊತ್ತಿಗೆ ಪೂರ್ತಿ ಮುಗಿಸಿದರು. ಖಾಲಿ ಬಿದ್ದ ಆ ಜಾಗಕ್ಕೆ ಕಯೋಟಿ ನಡೆದುಕೊಂಡೇ ಬಂತು. ಕೆನಡಾ ಕಡೆಯಿಂದ, ದೊಡ್ಡ ಸರೋವರಗಳ ಮೇಲ್ಗಡೆ ಸುತ್ತಿ, ದಾರಿಯಲ್ಲಿ ಅಳಿದುಳಿದ ತೋಳಗಳ ಜೊತೆ ಸಂಸಾರ ಮಾಡಿಕೊಂಡು. 1930ರ ದಶಕದಲ್ಲಿ ಮೇಯ್ನ್‌ನಲ್ಲಿ ಮೊದಲು ಕಂಡಿತು, 1970ರ ದಶಕದ ಹೊತ್ತಿಗೆ ಎಲ್ಲ ಕಡೆ ತುಂಬಿಕೊಂಡಿತು. ಇಲ್ಲಿನ ಕಯೋಟಿಯ ಡಿಎನ್‌ಎ ನೋಡಿದರೆ ಹೆಚ್ಚಿನ ಪಾಲು ಕಯೋಟಿ, ಒಂದಿಷ್ಟು ತೋಳ, ಸ್ವಲ್ಪ ನಾಯಿ. ಹಾಗಾಗಿ ಪಶ್ಚಿಮದ ಕಯೋಟಿಗಿಂತ ಇದು ದಪ್ಪ. ಹದಿನೈದು ಕಿಲೋ ತೂಗುವುದು ಸಾಮಾನ್ಯ, ಇಪ್ಪತ್ತು ದಾಟುವುದೂ ಉಂಟು. ಹವಾಯಿ ಒಂದನ್ನು ಬಿಟ್ಟರೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಈಗ ಕಯೋಟಿ ಇದೆ. ಮನುಷ್ಯ ಇಷ್ಟೊಂದು ಕೊಂದ ಪ್ರಾಣಿ ಇಷ್ಟೊಂದು ಹರಡಿದ್ದು ನನಗೆ ಗೊತ್ತಿರುವ ಮಟ್ಟಿಗೆ ಬೇರೆ ಇಲ್ಲ.

ಈಗ ಮಾಂಸದ ವಿಷಯ. ಬೇಟ್ ಅನ್ನುತ್ತಾರೆ ಇಲ್ಲಿ, ನಾನೂ ಹಾಗೇ ಅನ್ನುತ್ತೇನೆ.

ನವೆಂಬರ್ ತಿಂಗಳು ಇಲ್ಲಿ ಜಿಂಕೆ ಬೇಟೆಯ ಕಾಲ. ಆಗ ಮಾಂಸ ಕತ್ತರಿಸಿಕೊಡುವ ಸಣ್ಣ ಅಂಗಡಿಗಳ ಹಿತ್ತಲಲ್ಲಿ ಡ್ರಮ್ಮುಗಟ್ಟಲೆ ಮೂಳೆ, ಪಕ್ಕೆಲುಬು, ಕೊಬ್ಬು ಉಳಿಯುತ್ತದೆ. ಅದನ್ನು ಅಜ್ಜ ಬಕೆಟ್ಟಿನಲ್ಲಿ ತುಂಬಿಕೊಂಡು ಬರುತ್ತಾರೆ. ಇನ್ನೊಂದು ಮೂಲ ಬೀವರ್, ಮರ ಕಡಿದು ಹೊಳೆಗೆ ಒಡ್ಡು ಕಟ್ಟುವ ಇಲಿ ಜಾತಿಯ ದೊಡ್ಡ ಪ್ರಾಣಿ. ಬೋನು ಇಟ್ಟು ಬೀವರ್ ಹಿಡಿಯುವವರಿಗೆ ಬೇಕಾದ್ದು ಚರ್ಮ, ಒಳಗಿನದ್ದು ಬೇಡ. ಚರ್ಮ ಸುಲಿದ ಬೀವರ್ ನೋಡಲು ಚೆನ್ನಾಗಿರುವುದಿಲ್ಲ, ಕಡುಗೆಂಪು ಮಾಂಸ, ಅದರ ಮೇಲೆ ಬೆಣ್ಣೆಯಂಥ ಕೊಬ್ಬಿನ ಪದರ. ಆದರೆ ಕಯೋಟಿಗೆ ಅದಕ್ಕಿಂತ ಮೃಷ್ಟಾನ್ನ ಬೇರೆ ಇಲ್ಲವಂತೆ. ವಾಸನೆಯೂ ಜೋರು, ಗಾಳಿಯಲ್ಲಿ ಎಲ್ಲೆಲ್ಲಿಗೋ ಹೋಗುತ್ತದೆ.

ಇಷ್ಟನ್ನೂ ಸುಮ್ನೆ ನೆಲಕ್ಕೆ ಹಾಕಿದರೆ ಕೆಲಸ ಕೆಟ್ಟಿತು. ಕಯೋಟಿ ಎರಡು ನಿಮಿಷದಲ್ಲಿ ಒಂದು ಕಾಲು ಕಚ್ಚಿಕೊಂಡು ಪೊದೆಯೊಳಗೆ ಹೋಗಿಬಿಡುತ್ತದೆ. ಅದಕ್ಕೇ ಬಕೆಟ್ಟು. ಐದು ಗ್ಯಾಲನ್ ಬಕೆಟ್ಟಿನಲ್ಲಿ ಮೂಳೆ ಮಾಂಸ ತುಂಬಿ, ಮೇಲೆ ನೀರು ಹೊಯ್ದು, ರಾತ್ರಿ ಹೊರಗಿಟ್ಟರೆ ಆಯಿತು. ಫ್ರಿಜ್ಜು ಬೇಕಿಲ್ಲ, ಹೊರಗೆ ಮೈನಸ್ ಇಪ್ಪತ್ತು ಇರುತ್ತದೆ. ಬೆಳಿಗ್ಗೆಗೆ ಕಲ್ಲಾಗಿರುತ್ತದೆ. ಬಕೆಟ್ಟಿನ ಹೊರಗಡೆ ಸ್ವಲ್ಪ ಬಿಸಿನೀರು ಸುರಿದು ಬೋರಲು ಹಾಕಿದರೆ ಇಡೀ ಗಟ್ಟಿ ಜಾರಿ ಹೊರಗೆ ಬರುತ್ತದೆ, ಅಚ್ಚಿನಿಂದ ತೆಗೆದ ಬೆಲ್ಲದ ಹಾಗೆ. ಅದನ್ನು ಸ್ಲೆಡ್ಡಿನ ಮೇಲೆ ಎಳೆದುಕೊಂಡು ಹೋಗಿ ಮರದ ಮುಂದೆ ನೆಡುವುದು. ಅದರ ಬುಡಕ್ಕೂ ಒಂದು ಕೊಡ ನೀರು ಹೊಯ್ದರೆ ನೆಲಕ್ಕೇ ಅಂಟಿಕೊಳ್ಳುತ್ತದೆ. ಇನ್ನು ಯಾರೂ ಎತ್ತಿಕೊಂಡು ಹೋಗುವ ಹಾಗಿಲ್ಲ. ಬಂದವರು ಅಲ್ಲೇ ನಿಂತು, ಹಲ್ಲು ತಿರುಗಿಸಿ ತಿರುಗಿಸಿ, ಒಂದೊಂದೇ ಚೂರು ಕೆರೆದು ತಿನ್ನಬೇಕು.

ಅಂಗಡಿಯಿಂದ ತಂದ ಮೂಳೆಯಲ್ಲಿ ಗುಂಡು ಹೊಕ್ಕ ಭುಜದ ಭಾಗ ಇದ್ದರೆ ಅಜ್ಜ ಅದನ್ನು ಬೇರೆ ತೆಗೆದು ಹೂಳುತ್ತಾರೆ. ಸೀಸದ ಗುಂಡು ಒಳಗೆ ಹೋದಾಗ ಸಾಸಿವೆ ಗಾತ್ರದ ಚೂರುಗಳಾಗಿ ಮಾಂಸದಲ್ಲಿ ಉಳಿಯುತ್ತದೆ. ಹದ್ದು ಅದನ್ನು ತಿಂದರೆ ವಿಷ ಏರಿ ಸಾಯುತ್ತದೆ. ಬಿಳಿತಲೆಯ ಆ ದೊಡ್ಡ ಹದ್ದು, ಅಮೆರಿಕದವರ ರಾಷ್ಟ್ರಪಕ್ಷಿ, ಇಂಥ ಬೇಟಿಗೆ ತಪ್ಪದೆ ಬರುವ ಗಿರಾಕಿ. ಎಲ್ಲ ಬೇಟೆಗಾರರೂ ಇಷ್ಟು ತಲೆಕೆಡಿಸಿಕೊಳ್ಳುತ್ತಾರೆ ಅಂತ ನಾನು ಹೇಳುತ್ತಿಲ್ಲ.

ಡಿಸೆಂಬರ್ ಮಧ್ಯದಲ್ಲಿ ಮೊದಲ ಗಟ್ಟಿ ಹೋಗುತ್ತದೆ. ಮೇಯ್ನ್‌ನಲ್ಲಿ ಕಯೋಟಿಯನ್ನು ಹಗಲು ವರ್ಷವಿಡೀ ಹೊಡೆಯಬಹುದು, ರಾತ್ರಿ ಹೊಡೆಯಲು ಬೇರೆ ಪರ್ಮಿಟ್ ಬೇಕು, ಅದು ಡಿಸೆಂಬರ್ 16ರಿಂದ ಆಗಸ್ಟ್ 31ರವರೆಗೆ. ಆದರೆ ಅಜ್ಜ ತಕ್ಷಣ ಕೂರುವುದಿಲ್ಲ. ಮೊದಲು ಬರೀ ತಿನ್ನಿಸುವುದು. ವಾರಗಟ್ಟಲೆ. ಮುಗಿದ ಹಾಗೆಲ್ಲ ಹೊಸ ಗಟ್ಟಿ. ಒಮ್ಮೆ ಖಾಲಿ ಬಿಟ್ಟರೆ ಆ ದಾರಿಯೇ ಮರೆತುಬಿಡುತ್ತವೆ ಅನ್ನುತ್ತಾರೆ. ಈ ತಿನ್ನಿಸುವ ವಾರಗಳೇ ನನಗೆ ಹೆಚ್ಚು ಇಷ್ಟ, ಏಕೆಂದರೆ ಹಗಲು ಹೊತ್ತಿನಲ್ಲಿ, ಕಾದು ಕೂರಲು ಮಾಡಿರುವ ಹಲಗೆಯ ಗೂಡಿನ ಕಿಟಕಿಯಿಂದ ನೋಡುತ್ತಿದ್ದರೆ ಅದೊಂದು ಸಂತೆ.

ಮೊದಲು ಬರುವುದು ಚಿಕಡೀ, ಹೆಬ್ಬೆರಳಷ್ಟು ಹಕ್ಕಿ. ಐಸಿನಿಂದ ಹೊರಗೆ ಚಾಚಿದ ಕೊಬ್ಬಿಗೆ ತಲೆಕೆಳಗಾಗಿ ಜೋತು ಬಿದ್ದು ಕುಕ್ಕುತ್ತದೆ. ಕೊರೆಯುವ ಚಳಿಯಲ್ಲಿ ಬೆಳಗಿನವರೆಗೆ ಬದುಕುಳಿಯಬೇಕಾದರೆ ಸಂಜೆಯೊಳಗೆ ಅದರ ಹೊಟ್ಟೆ ತುಂಬಿರಲೇಬೇಕು. ಆಮೇಲೆ ನೀಲಿ ಜೇ ಅನ್ನುವ ಹಕ್ಕಿಗಳು, ಬರೀ ಗಲಾಟೆ. ಫಿಶರ್ ಅಂತ ಒಂದಿದೆ, ಮುಂಗುಸಿಯನ್ನು ಎರಡು ಪಟ್ಟು ಎಳೆದು ಕಪ್ಪು ತುಪ್ಪಳ ಹೊದಿಸಿದರೆ ಸರಿಸುಮಾರು ಅದೇ, ಅದು ಹಗಲಲ್ಲೂ ಬರುತ್ತದೆ. ಮತ್ತೆ ರೇವನ್.

ರೇವನ್ ಅಂದರೆ ನಮ್ಮ ಕಾಡುಕಾಗೆಗಿಂತಲೂ ಬಹಳ ದೊಡ್ಡ ಕಾಗೆ. ಇದರ ನಡವಳಿಕೆ ವಿಚಿತ್ರ. ಒಂದು ದಿನ ಒಂದೇ ಜೋಡಿ ಬಂದು, ಸದ್ದಿಲ್ಲದೆ ತಿಂದು ಹೋಗುತ್ತದೆ. ಇನ್ನೊಂದು ದಿನ ಒಂಟಿ ರೇವನ್ ಬಂದು ಮರದ ಮೇಲೆ ಕೂತು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತದೆ. ಮರುದಿನ ನೋಡಿದರೆ ಹಿಂಡು. ಸಿಕ್ಕ ಊಟವನ್ನು ಬಚ್ಚಿಟ್ಟುಕೊಳ್ಳುವುದು ಬಿಟ್ಟು ಯಾಕೆ ಹೀಗೆ ಡಂಗುರ ಸಾರಬೇಕು? ಇದೇ ಪ್ರಶ್ನೆ ಇಟ್ಟುಕೊಂಡು ಬರ್ನ್ಡ್ ಹೈನ್ರಿಕ್ ಅನ್ನುವ ಜೀವಶಾಸ್ತ್ರಜ್ಞರು 1980ರ ದಶಕದಲ್ಲಿ ಇದೇ ಮೇಯ್ನ್‌ನ ಪಶ್ಚಿಮ ಭಾಗದಲ್ಲಿ ಚಳಿಗಾಲವಿಡೀ ಸತ್ತ ಪ್ರಾಣಿಗಳನ್ನು ಕಾಡಿಗೆ ಎಳೆದುಹಾಕಿ ಮರೆಯಲ್ಲಿ ಕೂತು ನೋಡಿದರು. ಕೈಯಲ್ಲಿ ಕೋವಿ ಇಲ್ಲ ಅನ್ನುವುದು ಬಿಟ್ಟರೆ ಅಜ್ಜ ಮಾಡುವ ಕೆಲಸವೇ. ಅವರಿಗೆ ಸಿಕ್ಕ ಉತ್ತರ ಹೀಗೆ: ಸುಮ್ಮನೆ ತಿನ್ನುವ ಜೋಡಿ ಆ ಜಾಗದ ಮಾಲೀಕರು. ಕಿರುಚುವವು ಇನ್ನೂ ಜಾಗ ಮಾಡಿಕೊಳ್ಳದ ಎಳೆಯವು. ಒಂಟಿಯಾಗಿ ತಿನ್ನಲು ಹೋದರೆ ಮಾಲೀಕರು ಓಡಿಸುತ್ತಾರೆ, ಹಿಂಡು ಕಟ್ಟಿಕೊಂಡು ನುಗ್ಗಿದರೆ ಏನೂ ಮಾಡಲಾಗುವುದಿಲ್ಲ. ಧರ್ಮಬುದ್ಧಿ ಏನಲ್ಲ, ಲೆಕ್ಕಾಚಾರ.

ಅಜ್ಜನಿಗೂ ರೇವನ್ ಬೇಕು. ರೇವನ್ ಇಳಿಯದ ಮಾಂಸದ ಹತ್ತಿರ ಕಯೋಟಿ ಬರುವುದಿಲ್ಲ ಅನ್ನುವುದು ಅವರ ನಂಬಿಕೆ. ನನಗೂ ಈಗ ಹಾಗೇ ಅನಿಸುತ್ತದೆ.

ಗೂಡು ಅಂದರೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ, ಇಬ್ಬರು ಮೊಣಕಾಲು ತಾಗಿಸಿಕೊಂಡು ಕೂರುವಷ್ಟು. ಅಡಿಯಲ್ಲಿ ಜಾರುವ ದಿಮ್ಮಿಗಳಿವೆ, ಟ್ರಾಕ್ಟರಿಗೆ ಕಟ್ಟಿ ಎಳೆಯಬಹುದು. ಒಳಗೆ ನೆಲಕ್ಕೆ ಹಳೆಯ ಕಾರ್ಪೆಟ್ಟು, ಬೂಟಿನ ಸದ್ದು ಆಗಬಾರದು. ಮೂಲೆಯಲ್ಲಿ ಸಣ್ಣ ಗ್ಯಾಸ್ ಹೀಟರ್. ಹೀಟರ್ ಉರಿಯುವಾಗ ಗಾಳಿಗೆ ಕಿಂಡಿ ಬಿಟ್ಟಿರಬೇಕು, ಇಲ್ಲವಾದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಕೂತಲ್ಲೇ ಕೊನೆ. ಹಾಗಾಗಿ ಮುಖಕ್ಕೆ ಬಿಸಿ, ಬೆನ್ನಿಗೆ ಕೊರೆಯುವ ಚಳಿ. ಕಿಟಕಿ ಒಂದೇ, ಅಂಗೈಯಷ್ಟು ಎತ್ತರ, ಗಾಜು ಜಾರಿಸಿ ತೆಗೆಯುವಂಥದ್ದು. ಅದರ ಎದುರಿಗೆ ಎಂಬತ್ತು ಗಜ ದೂರದಲ್ಲಿ ಬೇಟ್.

ಎಲ್ಲವೂ ಗಾಳಿಯ ಮೇಲೆ ನಿಂತಿದೆ. ಇಲ್ಲಿ ಚಳಿ ಬಿಗಿಯುವ ದಿನಗಳಲ್ಲಿ ಗಾಳಿ ಹೆಚ್ಚಾಗಿ ವಾಯುವ್ಯದಿಂದ. ಕಯೋಟಿ ನೇರವಾಗಿ ಊಟಕ್ಕೆ ಬರುವ ಪ್ರಾಣಿಯಲ್ಲ. ಮೊದಲು ಮಾಂಸದ ಕೆಳಗಾಳಿಗೆ ಸುತ್ತು ಹಾಕಿ ಮೂಗಿನಲ್ಲಿ ಎಲ್ಲ ವಿಚಾರಿಸಿಕೊಳ್ಳುತ್ತದೆ. ಗೂಡು ಇರುವುದೂ ಅದೇ ಕಡೆ. ಹಾಗಾಗಿ ಗೂಡಿನ ಬೆನ್ನಿಗೆ ಬಯಲು ಇರುವ ಹಾಗೆ ಇಟ್ಟಿದ್ದಾರೆ. ಬೆಳದಿಂಗಳಲ್ಲಿ ಬಯಲಿಗೆ ಇಳಿಯಲು ಕಯೋಟಿಗೆ ಮನಸ್ಸಾಗುವುದಿಲ್ಲ, ಕಾಡಿನಂಚಿನಲ್ಲೇ ನಿಂತು ಯೋಚಿಸುತ್ತದೆ. ನಮ್ಮೂರಲ್ಲಿ ನನ್ನ ಸ್ವಂತ ಅಜ್ಜನ ಕಾಲದವರು ಹಣ್ಣು ಉದುರುವ ಮರದ ಪಕ್ಕ ಹಂದಿಗೆ ಮರಸು ಕೂರುತ್ತಿದ್ದ ಕಥೆಗಳಲ್ಲೂ ಅರ್ಧ ಗಾಳಿಯ ವಿಷಯವೇ ಇರುತ್ತಿತ್ತು. ಬೀಡಿ ಹಚ್ಚಿದವನಿಗೆ ಬೈದದ್ದು, ವಿಭೂತಿ ಗಾಳಿಗೆ ಹಾರಿಸಿ ದಿಕ್ಕು ನೋಡಿದ್ದು. ಇಲ್ಲಿ ಅಜ್ಜ ಟಾಲ್ಕಂ ಪೌಡರ್ ಹಾರಿಸುತ್ತಾರೆ.

ಕೂರುವುದು ಅಂದರೆ ಬರೀ ಕೂರುವುದು. ಫೋನ್ ಬೆಳಕು ಬೇಡ, ಮಾತು ಬೇಡ, ಕೆಮ್ಮು ಬಂದರೆ ಟೋಪಿಯೊಳಗೆ. ಹೆಚ್ಚಿನ ರಾತ್ರಿ ಏನೂ ಬರುವುದಿಲ್ಲ. ಶನಿವಾರವಾದರೆ ಹನ್ನೆರಡು ಹೊಡೆಯುತ್ತಿದ್ದ ಹಾಗೆ ಎದ್ದುಬಿಡಬೇಕು, ಮೇಯ್ನ್‌ನಲ್ಲಿ ಭಾನುವಾರ ಬೇಟೆ ನಿಷೇಧ.

ಜನವರಿ ಕೊನೆಯ ಒಂದು ರಾತ್ರಿಯ ವಿಷಯ ಹೇಳುತ್ತೇನೆ. ಹುಣ್ಣಿಮೆ ಹತ್ತಿರ. ಹಿಮದ ಮೇಲಿನ ಬೆಳದಿಂಗಳು ಎಷ್ಟಿರುತ್ತದೆ ಅಂದರೆ ಮರದ ನೆರಳಿನ ರೆಂಬೆ ಎಣಿಸಬಹುದು. ಒಂಬತ್ತರ ಸುಮಾರಿಗೆ ಕೆಂಪು ನರಿ ಬಂದು ಸ್ವಲ್ಪ ಕೆರೆದು ಹೋಯಿತು. ರಾತ್ರಿ ಅದನ್ನು ಹೊಡೆಯುವ ಹಾಗಿಲ್ಲ, ಹೊಡೆಯುವ ಆಸೆಯೂ ಅಜ್ಜನಿಗಿಲ್ಲ. ಆಮೇಲೆ ಬಹಳ ಹೊತ್ತು ಮಾನಿಟರ್‌ನಲ್ಲಿ ಗಾಳಿ ಮಾತ್ರ. ನನಗೆ ಕಾಲಿನ ಬೆರಳುಗಳು ಇವೆಯೋ ಇಲ್ಲವೋ ಅಂತ ಅನುಮಾನ ಬರತೊಡಗಿದ ಹೊತ್ತಿಗೆ ಚರ್‌ಚರ್ ಕೇಳಿಸಿತು. ನಿಂತಿತು. ಅಜ್ಜ ಎರಡು ಬೆರಳು ಎತ್ತಿ ತೋರಿಸಿದರು. ಎರಡಿವೆ ಅಂತ. ಜನವರಿಯಿಂದ ಮಾರ್ಚ್‌ವರೆಗೆ ಅವು ಕೂಡುವ ಕಾಲ, ಒಂಟಿಯಾಗಿ ತಿರುಗುವುದು ಕಮ್ಮಿ.

ಮೊದಲನೆಯದು ಮರದ ನೆರಳಿನಿಂದ ಹೊರಗೆ ಬಂದು ಐಸಿನ ಗಟ್ಟಿಯ ಹತ್ತಿರ ಬಂತು, ಮುಟ್ಟಲಿಲ್ಲ, ಹಿಂದಕ್ಕೆ ಹೋಯಿತು. ಮತ್ತೆ ಬಂತು. ಬೆನ್ನ ಮೇಲಿನ ಉದ್ದ ಕೂದಲು ಗಾಳಿಗೆ ಒಂದು ಕಡೆಗೆ ಮಲಗುತ್ತಿತ್ತು. ಎರಡನೆಯದು ಕೊನೆಯವರೆಗೂ ನೆರಳು ಬಿಟ್ಟು ಬರಲಿಲ್ಲ, ಎರಡು ಕಿವಿ ಮಾತ್ರ ಕಾಣುತ್ತಿದ್ದವು. ಅಜ್ಜ ಸ್ಕೋಪಿನಲ್ಲಿ ನೋಡುತ್ತಲೇ ಇದ್ದರು. ಯಾಕೆ ಇಷ್ಟು ಹೊತ್ತು ಅಂತ ನನಗೆ ಆಮೇಲೆ ಹೇಳಿದರು. ಕಿವಿಯ ತುದಿಯಲ್ಲಿ ಕುಚ್ಚು ಇದ್ದರೆ ಅದು ಲಿಂಕ್ಸ್, 2000ದಿಂದ ಫೆಡರಲ್ ಸಂರಕ್ಷಿತ ಪಟ್ಟಿಯಲ್ಲಿರುವ ಬೆಕ್ಕು. ಕುತ್ತಿಗೆಯಲ್ಲಿ ಪಟ್ಟಿ ಇದ್ದರೆ ಯಾರದೋ ಮನೆಯ ನಾಯಿ. ಮೈ ಜಾಸ್ತಿ ಎತ್ತರ, ಕಾಲು ಉದ್ದ, ಮೂತಿ ಅಗಲ ಇದ್ದರೆ ತೋಳವೂ ಇರಬಹುದು. 1993ರಲ್ಲಿ ಮೂಸ್‌ಹೆಡ್ ಸರೋವರದ ಕಡೆ ಒಬ್ಬ ಬೇಟೆಗಾರ ಹೊಡೆದದ್ದು ನಿಜಕ್ಕೂ ತೋಳವಾಗಿತ್ತು. ಇಲ್ಲಿ ತೋಳ ಮುಗಿದು ನೂರು ವರ್ಷ ಆದ ಮೇಲೆ.

ಅದು ಗಟ್ಟಿಯ ಮೇಲೆ ಮುಂಗಾಲಿಟ್ಟು ಅಡ್ಡಲಾಗಿ ನಿಂತಾಗ ಈಡಾಯಿತು. ಆ ಸಣ್ಣ ಪೆಟ್ಟಿಗೆಯೊಳಗೆ ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರೂ ಎದೆ ಅದುರಿತು. ಪ್ರಾಣಿ ಇದ್ದಲ್ಲೇ ಬಿತ್ತು, ಕಾಲು ಕೂಡ ಆಡಿಸಲಿಲ್ಲ. ಎರಡನೆಯದು ಯಾವಾಗ ಹೋಯಿತೋ ಇಬ್ಬರಿಗೂ ಕಾಣಲಿಲ್ಲ. ಹತ್ತಿರ ಹೋಗಿ ನೋಡಿದಾಗ ಗಂಡು. ಹಲ್ಲು ಸವೆದಿತ್ತು. ಮೂತಿಯ ಸುತ್ತ ಉಸಿರು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು, ಬಾಯಲ್ಲಿ ಇನ್ನೂ ಬೀವರ್ ಕೊಬ್ಬಿನ ಚೂರು. ನನಗೆ ಬೇಜಾರಾಯಿತು. ಅಜ್ಜನಿಗೆ ಆಯಿತೋ ಇಲ್ಲವೋ ಗೊತ್ತಿಲ್ಲ, ಆದರೆ ಕಾಲು ಹಿಡಿದು ಎಳೆಯಲಿಲ್ಲ, ಎತ್ತಿಕೊಂಡೇ ಸ್ಲೆಡ್ಡಿನ ಮೇಲಿಟ್ಟರು. ಮನೆಗೆ ಬಂದು ಹೇಳಿದರೆ ಹೆಂಡತಿ, "ಇನ್ನೇನ್ರೀ, ನರಿ ಮುಖ ನೋಡಿ ಬಂದಿದ್ದೀರಾ, ನಾಳೆ ಲಾಟರಿ ಹೊಡೆಯುತ್ತೆ ಬಿಡಿ" ಅಂದಳು. ಹೊಡೆಯಲಿಲ್ಲ. ಕಯೋಟಿ ಮುಖಕ್ಕೆ ಆ ಗುಣ ಇರಲಿಕ್ಕಿಲ್ಲ.

ಇದನ್ನು ಊರಿನ ಗೆಳೆಯರಿಗೆ ಹೇಳಿದಾಗೆಲ್ಲ ಬರುವ ಮಾತು ಒಂದೇ: ಇದು ಮೋಸ ಅಲ್ವಾ? ಊಟಕ್ಕೆ ಕರೆದು ಹೊಡೆಯುವುದು. ಇಲ್ಲಿಯೂ ಇದೇ ಮಾತು ಕೇಳಿಸುತ್ತದೆ, ಬೇಟೆಗಾರರೇ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾಯಿ ಬಿಟ್ಟು ಅಟ್ಟುವವರು ಬೇಟ್ ಇಡುವವರನ್ನು ಸೋಮಾರಿಗಳು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಓಡುವ ಪ್ರಾಣಿಗೆ ಹೊಡೆದ ಗುಂಡು ಹೊಟ್ಟೆಗೋ ಕಾಲಿಗೋ ಬೀಳುವುದು ಜಾಸ್ತಿ. ನಮ್ಮ ಕಡೆ ಹಳು ನುಗ್ಗಿ ಸೋವು ಹೊಡೆಯುತ್ತಿದ್ದ, ಅಂದರೆ ಗದ್ದಲ ಮಾಡಿ ಪ್ರಾಣಿಗಳನ್ನು ಅಟ್ಟುತ್ತಿದ್ದ ಕಾಲದಲ್ಲಿ ಗಾಯಗೊಂಡು ತಪ್ಪಿಸಿಕೊಂಡು ಎಲ್ಲೋ ಸತ್ತ ಹಂದಿ ಜಿಂಕೆಗಳ ಲೆಕ್ಕ ಇಟ್ಟವರಿಲ್ಲ. ಬೇಟ್ ಮುಂದೆ ನಿಂತ ಪ್ರಾಣಿಯನ್ನು ಗುರುತು ಹಿಡಿಯಲು ಸಮಯ ಇರುತ್ತದೆ. ಬೇಡ ಅನ್ನಿಸಿದರೆ ಬಿಡಲು ಸಮಯ ಇರುತ್ತದೆ. ಸಾಯಬೇಕಾದರೆ ತಕ್ಷಣ ಸಾಯುತ್ತದೆ. ಆ ಪ್ರಾಣಿಯ ಕಡೆಯಿಂದ ನೋಡಿದರೆ 'ಆಟದ ನ್ಯಾಯ' ಅನ್ನುವುದಕ್ಕೆ ಏನು ಬೆಲೆ? ಅದು ಆಟಕ್ಕೆ ಬಂದದ್ದೇ ಅಲ್ಲ.

ಬ್ರಿಟಿಷರ ಕಾಲದ ಶಿಕಾರಿಗಳು ನಮ್ಮ ಕಾಡುಗಳಲ್ಲಿ ಅಟ್ಟಣೆ ಕಟ್ಟಿ ಕೆಳಗೆ ಜೀವಂತ ಎಮ್ಮೆಕರು ಕಟ್ಟುತ್ತಿದ್ದರು. ಕತ್ತಲಾದ ಮೇಲೆ ಆ ಕರು ಏನು ಅನುಭವಿಸಿರಬೇಕು ಅಂತ ಯೋಚಿಸಿ. ಇವತ್ತೂ ಊರಿಗೆ ಚಿರತೆ ಬಂತು ಅಂದರೆ ಅರಣ್ಯ ಇಲಾಖೆ ಬೋನಿನ ಒಂದು ಖಾನೆಯಲ್ಲಿ ಮೇಕೆಯನ್ನೋ ನಾಯಿಯನ್ನೋ ಕಟ್ಟಿ ಇಡುತ್ತದೆ. ಕೊಲ್ಲಲು ಅಲ್ಲ, ಹಿಡಿಯಲು, ಮಧ್ಯೆ ಸರಳುಗಳೂ ಇರುತ್ತವೆ, ನಿಜ. ಆದರೆ ಕಟ್ಟಿದ ಮೇಕೆಗೆ ಆ ವ್ಯತ್ಯಾಸ ಗೊತ್ತಿರುವುದಿಲ್ಲ. ಅದರ ಮುಂದೆ ಐಸಿನಲ್ಲಿ ಹೂತ ಮೂಳೆ ನನಗೆ ಎಷ್ಟೋ ಮೇಲು ಅನಿಸುತ್ತದೆ.

ನನ್ನ ತಕರಾರು ಇರುವುದು ಬೇರೆ ಕಡೆ. ಯಾಕೆ ಹೊಡೆಯುತ್ತೀರಿ ಅಂದರೆ ಇಲ್ಲಿ ಎಲ್ಲರೂ ಕೊಡುವ ಉತ್ತರದಲ್ಲಿ.

ಜಿಂಕೆ ಉಳಿಸಲು, ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ಸ್ವಲ್ಪ ನಿಜವೂ ಇದೆ. ಮೇಯ್ನ್‌ನ ಉತ್ತರ ಭಾಗ ಬಿಳಿಬಾಲದ ಜಿಂಕೆ ಬದುಕಬಹುದಾದ ಗಡಿಯ ಹತ್ತಿರ ಇದೆ. ಹಿಮ ಮೊಣಕಾಲು ದಾಟಿತು ಅಂದರೆ ಜಿಂಕೆ ಓಡಲಾರದು. ಆಗ ಅವು ಸೀಡರ್, ಹೆಮ್ಲಾಕ್, ಸ್ಪ್ರೂಸ್‌ನಂಥ ಚಳಿಗಾಲದಲ್ಲೂ ಹಸಿರಾಗಿರುವ ಮರಗಳು ಒತ್ತಾಗಿ ಬೆಳೆದ ಕಡೆ ಸೇರಿಕೊಳ್ಳುತ್ತವೆ. ಡಿಯರ್ ಯಾರ್ಡ್ ಅನ್ನುತ್ತಾರೆ. ಅಲ್ಲಿ ಹಿಮವನ್ನು ಮೇಲೇ ಮರಗಳು ಹಿಡಿದುಕೊಳ್ಳುತ್ತವೆ, ಕೆಳಗೆ ಆಳ ಕಮ್ಮಿ, ಗಾಳಿ ಇಲ್ಲ, ನಡೆದು ನಡೆದು ದಾರಿ ಆಗಿರುತ್ತದೆ. ಫೆಬ್ರವರಿ ಮಾರ್ಚ್‌ನಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಹಿಮದ ಮೇಲೆ ಒಂದು ಚಿಪ್ಪು ಕಟ್ಟುತ್ತದೆ. ಕಯೋಟಿ ಆ ಚಿಪ್ಪಿನ ಮೇಲೆ ಆರಾಮಾಗಿ ಓಡುತ್ತದೆ. ಜಿಂಕೆಯ ಗೊರಸು ಚಿಪ್ಪು ಒಡೆದು ಹೊಟ್ಟೆಯವರೆಗೆ ಹೂತುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಇದನ್ನು ಕಣ್ಣಾರೆ ಕಂಡವರಿಗೆ ಕಯೋಟಿ ಮೇಲೆ ಸಿಟ್ಟು ಬರುವುದು ಸಹಜ.

ಆದರೆ ಆ ಸೀಡರ್ ಸ್ಪ್ರೂಸ್ ತೋಪುಗಳು ಎಲ್ಲಿ ಹೋದವು? 1970 ಮತ್ತು 80ರ ದಶಕಗಳಲ್ಲಿ ಬಡ್‌ವರ್ಮ್ ಅನ್ನುವ ಹುಳ ಬಿದ್ದು ಉತ್ತರ ಮೇಯ್ನ್‌ನ ಫರ್, ಸ್ಪ್ರೂಸ್ ಮರಗಳು ಲೆಕ್ಕವಿಲ್ಲದಷ್ಟು ಸತ್ತವು. ಸತ್ತದ್ದು ಕೊಳೆಯುವ ಮೊದಲು ಕಾಸು ಮಾಡಿಕೊಳ್ಳೋಣ ಅಂತ, ಸಾಯುವ ಹಾಗಿದ್ದದ್ದನ್ನೂ ಸೇರಿಸಿ, ಕಂಪನಿಗಳು ಬೋಳು ಬೋಳಾಗಿ ಕಡಿದವು. ಜಿಂಕೆಗಳ ಚಳಿಗಾಲದ ಮನೆಯೇ ಹೋಯಿತು. ಕಯೋಟಿ ತುಂಬಿಕೊಂಡದ್ದೂ ಅದೇ ಸಮಯ. ಮನೆ ಹೋದದ್ದು ಮರೆತುಹೋಗಿ ಕಯೋಟಿ ಮಾತ್ರ ನೆನಪಿನಲ್ಲಿ ಉಳಿಯಿತು. ಮರಕ್ಕೆ ಹಲ್ಲಿಲ್ಲ, ರಕ್ತದ ಗುರುತಿಲ್ಲ.

ಮತ್ತೆ ಕೊಂದರೆ ಕಮ್ಮಿ ಆಗುತ್ತವೆಯೇ? 1975ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾನಲಿ ಮತ್ತು ಲಾಂಗ್‌ಹರ್ಸ್ಟ್ ಅನ್ನುವ ಇಬ್ಬರು ಲೆಕ್ಕ ಹಾಕಿ ತೋರಿಸಿದ್ದರು: ಒಂದು ಪ್ರದೇಶದ ಕಯೋಟಿಗಳಲ್ಲಿ ವರ್ಷಕ್ಕೆ ನೂರಕ್ಕೆ 70ನ್ನು ಕೊಂದರೂ ಸಂತತಿ ತಡೆದುಕೊಳ್ಳುತ್ತದೆ. 75ರಂತೆ ಕೊಲ್ಲುತ್ತಾ ಹೋದರೆ ಪೂರ್ತಿ ಮುಗಿಯಲು 50 ವರ್ಷ ಬೇಕು. ಉಳಿದವಕ್ಕೆ ಊಟ ಜಾಸ್ತಿ, ಹಾಗಾಗಿ ಮರಿ ಜಾಸ್ತಿ. ಖಾಲಿಯಾದ ಜಾಗಕ್ಕೆ ನೆಲೆ ಹುಡುಕುತ್ತಾ ಅಲೆಯುವ ಎಳೆಯ ಕಯೋಟಿಗಳು ಬಂದು ಸೇರುತ್ತವೆ. ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಕೈಹಾಕಿ ನೋಡಿದೆ. ವಿಷ ಹಾಕಿತು, ದಶಕಗಟ್ಟಲೆ. ಫೆಡರಲ್ ಜಮೀನಿನಲ್ಲಿ ವಿಷ ಹಾಕುವುದನ್ನು 1972ರಲ್ಲಿ ನಿಕ್ಸನ್ ನಿಲ್ಲಿಸಿದರು. ನಮ್ಮಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. ಈಗಲೂ ಕೃಷಿ ಇಲಾಖೆಯ ಒಂದು ವಿಭಾಗ ವರ್ಷಕ್ಕೆ 60 ಸಾವಿರದ ಆಸುಪಾಸು ಕಯೋಟಿ ಕೊಲ್ಲುತ್ತದೆ, ಹೆಚ್ಚಾಗಿ ಪಶ್ಚಿಮದ ಕುರಿ ದನದ ಸೀಮೆಯಲ್ಲಿ, ಬೋನಿಟ್ಟು, ವಿಮಾನ ಹೆಲಿಕಾಪ್ಟರಿನಿಂದ ಗುಂಡು ಹಾರಿಸಿ. ಕಯೋಟಿ ಮುಗಿದಿದೆಯಾ? ಬ್ಯಾಂಗರ್‌ನ ಅಂಗಡಿಸಾಲಿನ ಹಿಂದೆ ರಾತ್ರಿ ಊಳಿಡುವುದು ನಾನೇ ಕೇಳಿದ್ದೇನೆ. ಇನ್ನು ಒಬ್ಬ ಮುದುಕ ಒಂದು ಗೂಡಿನಲ್ಲಿ ಕೂತು ಚಳಿಗಾಲಕ್ಕೆ ಕೆಲವನ್ನು ಹೊಡೆದರೆ ಏನಾಗಬೇಕು? ಅದೂ ವಾರಗಟ್ಟಲೆ ಸುತ್ತಲಿನವಕ್ಕೆಲ್ಲ ಪುಕ್ಕಟೆ ಬೀವರ್ ತಿನ್ನಿಸಿದ ಮೇಲೆ!

ಚರ್ಮದ ದುಡ್ಡು ಅನ್ನುವ ಹಾಗೂ ಇಲ್ಲ ಈಗ. ಕೆಲವು ವರ್ಷ ಒಳ್ಳೆಯ ರೇಟು ಇತ್ತು. ಕೆನಡಾ ಗೂಸ್ ಕಂಪನಿಯ ದುಬಾರಿ ಜಾಕೆಟ್ಟುಗಳ ಟೋಪಿಯ ಅಂಚಿಗೆ ಇದ್ದದ್ದು ಕಯೋಟಿ ತುಪ್ಪಳ. ಉಸಿರಿನ ತೇವ ಹೆಪ್ಪುಗಟ್ಟಿದರೂ ಅದನ್ನು ಕೊಡವಿಬಿಡಬಹುದು ಅನ್ನುವುದು ಅದರ ಗುಣ. ಆಗಲೂ ಪಶ್ಚಿಮದ ತಿಳಿಬಣ್ಣದ ಮೆತ್ತನೆ ಚರ್ಮಕ್ಕೆ ಬೇಡಿಕೆ, ನಮ್ಮ ಕಡೆಯ ಒರಟು ತುಪ್ಪಳಕ್ಕೆ ಕಮ್ಮಿ. 2021ರಲ್ಲಿ ಆ ಕಂಪನಿ ತುಪ್ಪಳ ಬಳಸುವುದನ್ನು ಮುಂದಿನ ವರ್ಷದೊಳಗೆ ಪೂರ್ತಿ ಬಿಡುತ್ತೇವೆ ಅಂತ ಹೇಳಿತು. ಅಜ್ಜ ಈಗಲೂ ಪ್ರತಿಯೊಂದರ ಚರ್ಮ ಸುಲಿದು, ಹಲಗೆಗೆ ಎಳೆದು ಒಣಗಿಸುತ್ತಾರೆ. ಗ್ಯಾರೇಜಿನಲ್ಲಿ ಸಾಲಾಗಿ ತೂಗುತ್ತವೆ. ಬಂದವರಿಗೆ ಕೊಡುತ್ತಾರೆ. ನನಗೂ ಕೊಡಲು ಬಂದರು, ಮನೆಯಲ್ಲಿ ದೇವರ ಕೋಣೆ ಇದೆ ಅಂದೆ, ಏನು ಅರ್ಥವಾಯಿತೋ, ತಲೆಯಾಡಿಸಿ ಸುಮ್ಮನಾದರು.

ಹೋದ ಚಳಿಗಾಲ ಅವರು ಒಂದು ಚರ್ಮದ ಒಳಗಿನ ಕೊಬ್ಬು ಹೆರೆಯುತ್ತಾ ಕೂತಿದ್ದಾಗ ನಾನು ಈ 70, 75ರ ಲೆಕ್ಕವನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಕತ್ತಿ ಒರೆಸಿಕೊಂಡರು.

"ಅಂದರೆ ನಾನು ಹೊಡೆಯುವುದರಿಂದ ಕಯೋಟಿಗೆ ನಷ್ಟ ಇಲ್ಲ."

"ಇಲ್ಲ."

"ಜಿಂಕೆಗೆ ಲಾಭವೂ ಇಲ್ಲ."

"ಬಹಳ ಏನಿಲ್ಲ ಅನಿಸುತ್ತೆ."

"ಮತ್ತೆ ಜನವರಿ ರಾತ್ರಿ ನಾನು ಏನು ಮಾಡಬೇಕು ಅಂತೀಯಾ? ಟಿವಿ ನೋಡಲಾ?"

ಇದು ನಿಜವಾದ ಉತ್ತರ ಅಂತ ನನಗೆ ಅನಿಸಿತು, ಅವರ ಬಾಯಿಂದ ನಾನು ಕೇಳಿದ್ದರಲ್ಲೇ ಮೊದಲ ನಿಜ ಉತ್ತರ. ಮೀಟಿಂಗುಗಳಲ್ಲಿ, ಪೇಪರಿಗೆ ಬರೆಯುವ ಪತ್ರಗಳಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಎಲ್ಲರೂ ಜಿಂಕೆ ಹೆಸರಿನಲ್ಲೇ ಮಾತಾಡುತ್ತಾರೆ. ಕಾಯುವುದು ಇಷ್ಟ, ಸುಲಿಯುವುದು ಬರುತ್ತದೆ, ಬೆಳಕಿಲ್ಲದ ತಿಂಗಳುಗಳನ್ನು ಕಳೆಯಬೇಕು ಅಂತ ಹೇಳಿದರೆ ಒಪ್ಪುವವರು ಒಪ್ಪುತ್ತಾರೆ, ಬಿಡುವವರು ಬಿಡುತ್ತಾರೆ. ಒಂದು ಪ್ರಾಣಿಯ ಜೀವಕ್ಕೆ ಅದು ಸಾಕಾದಷ್ಟು ದೊಡ್ಡ ಕಾರಣವಾ ಅಂತ ಕೇಳಿದರೆ ನನ್ನ ಮಟ್ಟಿಗೆ ಅಲ್ಲ. ಅದಕ್ಕೇ ನಾನು ಕೋವಿ ಮುಟ್ಟುವುದಿಲ್ಲ. ಗೂಡಿಗೆ ಕರೆದರೆ ಮಾತ್ರ ಹೋಗುತ್ತೇನೆ, ಇದರಲ್ಲಿ ತರ್ಕ ಹುಡುಕಬೇಡಿ.

ಇನ್ನೊಂದು ವಿಷಯ ಇದೆ. ಅಜ್ಜನ ಜಮೀನಿನ ಹಿಂಭಾಗದಲ್ಲಿ ಜೌಗಿನ ಉದ್ದಕ್ಕೂ ಹಳೆಯ ಸೀಡರ್ ತೋಪು. ಚಳಿಗಾಲದಲ್ಲಿ ಅದರೊಳಗೆ ಜಿಂಕೆಗಳ ಕಾಲುದಾರಿಗಳು ಹೆಣೆದುಕೊಂಡಿರುತ್ತವೆ, ಕೆಳಗಿನ ಕೊಂಬೆಗಳೆಲ್ಲ ಅವುಗಳ ಬಾಯಿ ಎಟುಕುವಷ್ಟು ಎತ್ತರಕ್ಕೆ ಬೋಳು. ಮರ ಕಡಿಯುವ ಕಂಟ್ರಾಕ್ಟರ್ ಒಬ್ಬ ಒಳ್ಳೆ ರೇಟು ಹೇಳಿ ಕೇಳಿಕೊಂಡು ಬಂದಿದ್ದ. ಇವರು ಕೊಡಲಿಲ್ಲ. ಮನೆಯ ಮಾಡು ಸೋರುತ್ತಿದೆ, ಆ ದುಡ್ಡು ಬಂದಿದ್ದರೆ ರಿಪೇರಿ ಆಗುತ್ತಿತ್ತು ಅಂತ ಅವರ ಮಗಳಿಗೆ ಇನ್ನೂ ಸಿಟ್ಟಿದೆ. ಜಿಂಕೆ ಉಳಿಸಿದ್ದಕ್ಕೆ ಅವರ ಹೆಸರಿನಲ್ಲಿ ಏನಾದರೂ ಬರೆಯುವುದಾದರೆ ನಾನು ಆ ತೋಪನ್ನು ಬರೆಯುತ್ತೇನೆ, ಗ್ಯಾರೇಜಿನಲ್ಲಿ ತೂಗುವ ಚರ್ಮಗಳನ್ನಲ್ಲ. ಅವರನ್ನು ಕೇಳಿದರೆ ಎರಡನ್ನೂ ಬರಿ ಅನ್ನುತ್ತಾರೆ.